ಶನಿವಾರ ಫೋಟೊ ತೆಗೆಸಬೇಕು, ಏನೇನು ತಯಾರಿ ಮಾಡ್ಕೊಳ್ಳಲಿ?

ಪ್ರಶ್ನೆ (ಹಾಸನದಿಂದ, ಉಪನ್ಯಾಸಕಿ):
ನಮಸ್ಕಾರ ಸರ್. ಕಾಲೇಜಿನ ವೆಬ್‌ಸೈಟಿಗೆ ಎಲ್ಲರೂ ಸ್ಟುಡಿಯೊದಲ್ಲಿ ತೆಗೆಸಿದ ಫೋಟೊ ಕೊಡಬೇಕು ಅಂತ ನಮ್ಮ ಪ್ರಿನ್ಸಿಪಾಲರು ಹೇಳಿದ್ದಾರೆ. ಶನಿವಾರ ಹೋಗ್ಬೇಕು. ವಯಸ್ಸು 44, ಕನ್ನಡಕ ಇದೆ, ಕೆನ್ನೆ ಮೇಲೆ ಬಂಗು ಇದೆ. ಮದುವೆ ಆಲ್ಬಮ್ಮಿನಿಂದ ಹಿಡಿದು ಆಧಾರ್ ಕಾರ್ಡಿನವರೆಗೆ ಒಂದು ಫೋಟೊದಲ್ಲೂ ನಾನು ನನ್ನ ಹಾಗೆ ಬಂದಿಲ್ಲ. ಕನ್ನಡೀಲಿ ಪರವಾಗಿಲ್ಲ ಅನ್ನಿಸೋಳು ಫೋಟೊದಲ್ಲಿ ಯಾರೋ ಬೇರೆಯವಳು! ಯಾವ ಸೀರೆ ಉಡಲಿ? ಹಿಂದಿನ ದಿನ ಫೇಶಿಯಲ್ ಮಾಡಿಸ್ಲಾ? ಕನ್ನಡಕ ತೆಗೀಬೇಕಾ?

ಉತ್ತರ (ಮೈಸೂರು, ಸ್ಟುಡಿಯೊ ನಡೆಸುವವರು):
ಮೇಡಂ, ಸೀರೆ ಆಮೇಲೆ ನೋಡೋಣ, ಮೊದಲು ಕನ್ನಡಿ ವಿಚಾರ. ನಿಮ್ಮ ಮುಖವನ್ನು ನೀವು ದಿನಾ ನೋಡೋದು ಕನ್ನಡೀಲಿ, ಅಂದರೆ ಎಡಬಲ ತಿರುಗಿದ ಮುಖ. ಎಡಗಡೆ ಬೈತಲೆ ತೆಗೀತೀರಿ ಅಂದ್ಕೊಳ್ಳಿ. ಕನ್ನಡೀಲಿ ಅದು ಎಡಗಡೆಯೇ ಕಾಣುತ್ತೆ, ಫೋಟೊದಲ್ಲಿ ಬಲಗಡೆ ಕಾಣುತ್ತೆ. ಯಾರ ಮುಖವೂ ಎರಡು ಕಡೆ ಒಂದೇ ಸಮ ಇರೋದಿಲ್ಲ. ಅದಕ್ಕೇ ಫೋಟೊ ನೋಡಿದಾಗ ಏನೋ ಸೊಟ್ಟ ಅನ್ನಿಸೋದು. ಆದರೆ ನಿಮ್ಮ ಮನೆಯವರು, ವಿದ್ಯಾರ್ಥಿಗಳು ದಿನಾ ನೋಡೋದು ಆ ಫೋಟೊದಲ್ಲಿರೋ ಮುಖವನ್ನೇ. ನಿಮಗೆ ಸರಿಕಾಣದ ಫೋಟೊವನ್ನ ಅವರು "ಚೆನ್ನಾಗಿದೆಯಲ್ಲ" ಅಂದರೆ ಅದು ಉಪಚಾರದ ಮಾತಲ್ಲ.

ಇನ್ನು ಮೊಬೈಲ್. ಕೈ ಚಾಚಿ ಸೆಲ್ಫಿ ತೆಗೆದಾಗ ಕ್ಯಾಮೆರಾ ಮುಖಕ್ಕೆ ತೀರಾ ಹತ್ತಿರ. ಮೂಗು ಇನ್ನೂ ಹತ್ತಿರ, ಕಿವಿ ದೂರ. ಹಾಗಾಗಿ ಮೂಗು ದಪ್ಪ, ಮುಖ ಕೋಲು. ನಾವು ಆರೆಂಟು ಅಡಿ ದೂರ ನಿಂತು 85 ಎಂ.ಎಂ. ಲೆನ್ಸಲ್ಲಿ ತೆಗೆಯೋದು ಇದೇ ಕಾರಣಕ್ಕೆ. ಸೆಲ್ಫಿ ನೋಡಿಕೊಂಡು ನಿಮ್ಮ ಮೂಗಿನ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ಸೀರೆ: ಫೋಟೊದಲ್ಲಿ ಬರೋದು ಎದೆಯಿಂದ ಮೇಲೆ ಮಾತ್ರ. ಎಷ್ಟು ಅಗಲದ ಅಂಚಿನ ಸೀರೆ ಉಟ್ಟರೂ ಕೆಳಗಿನ ಅಂಚು ಚೌಕಟ್ಟಿನೊಳಗೆ ಬರೋದೇ ಇಲ್ಲ. ಭುಜದ ಮೇಲಿನ ಜರಿ ಮಾತ್ರ ಲೈಟಿಗೆ ಹೊಳೆದು ಕಣ್ಣು ಅಲ್ಲಿಗೇ ಎಳೆಯುತ್ತೆ. ಕಡುನೀಲಿ, ನೇರಳೆ, ಮರೂನ್ ಥರದ್ದು, ಜರಿ ಕಮ್ಮಿ ಇರೋ ಸಾದಾ ಸೀರೆ ಸಾಕು. ಗಿಳಿಹಸಿರು ಬೇಡ, ಅದರ ಛಾಯೆ ಗದ್ದದ ಕೆಳಗೆ ಬಿದ್ದು ಕಾಮಾಲೆ ಬಂದವರ ಥರ ಕಾಣಿಸುತ್ತೆ. ತೀರಾ ಸಣ್ಣ ಚೌಕಳಿ, ಸಣ್ಣ ಗೆರೆ ಕೂಡ ಬೇಡ. ಫೋಟೊ ಚಿಕ್ಕದು ಮಾಡಿ ವೆಬ್‌ಸೈಟಿಗೆ ಹಾಕಿದಾಗ ಬಟ್ಟೆ ಮೇಲೆ ನೀರಲೆ ಥರ ಏನೋ ಕುಣಿಯುತ್ತೆ. ಇನ್ನೊಂದು ಸೀರೆ, ರವಿಕೆ, ನಾಲ್ಕು ಪಿನ್ನು, ಬಾಚಣಿಗೆ ಜೊತೆಗಿರಲಿ. ಕಲ್ಲು ಕೂರಿಸಿದ ಬಿಂದಿಗಿಂತ ಸಾದಾ ಬಿಂದಿ ವಾಸಿ.

ಹಿಂದಿನ ದಿನದ ಫೇಶಿಯಲ್ ಖಂಡಿತ ಬೇಡ. ಕೆಲವರಿಗೆ ಕೆಂಪಗಾಗುತ್ತೆ, ಗುಳ್ಳೆ ಏಳುತ್ತೆ. ಮಾಡಿಸಲೇಬೇಕು ಅಂದರೆ ಒಂದು ವಾರ ಮುಂಚೆ. ಹುಬ್ಬು ತೀಡಿಸೋದು ಎರಡು ಮೂರು ದಿನ ಮುಂಚೆ ಆಗಲಿ. ಸನ್‌ಸ್ಕ್ರೀನ್ ಹಚ್ಚೋ ಅಭ್ಯಾಸ ಇದ್ದರೆ ಫೋಟೊ ಮುಗಿಯೋವರೆಗೆ ಬಿಡಿ, ಕೆಲವದರಲ್ಲಿರೋ ಜಿಂಕ್ ಆಕ್ಸೈಡ್, ಟೈಟೇನಿಯಂ ಡಯಾಕ್ಸೈಡ್ ಫ್ಲ್ಯಾಶ್ ಬಿದ್ದಾಗ ಮುಖಕ್ಕೆ ಬೂದಿ ಬಳಿದ ಹಾಗೆ ಮಾಡಬಹುದು. ತಲೆಗೆ ಎಣ್ಣೆ ಹಾಕಿದ್ದರೆ ತೊಳೆದುಕೊಂಡು ಬನ್ನಿ.

ಕನ್ನಡಕ ತೆಗೀಬೇಡಿ. ಕ್ಲಾಸಲ್ಲಿ ಮಕ್ಕಳು ನೋಡೋದು ಕನ್ನಡಕದ ಮೇಡಮ್ಮನ್ನ ತಾನೆ? ಗ್ಲಾಸಲ್ಲಿ ಲೈಟು ಹೊಳೆಯದ ಹಾಗೆ ನೋಡಿಕೊಳ್ಳೋದು ನಮ್ಮ ಕೆಲಸ. ಲೈಟು ಮೇಲೇರಿಸ್ತೀವಿ, ಕನ್ನಡಕದ ಕಡ್ಡಿಯನ್ನ ಕಿವಿ ಹಿಂದೆ ಕೂದಲೆಳೆಯಷ್ಟು ಎತ್ತಿ ಅಂತೀವಿ, ಗದ್ದ ಸ್ವಲ್ಪ ಮುಂದೆ ತಂದು ತಗ್ಗಿಸಿ ಅಂತೀವಿ. ಹೊರಗಿಂದ ನೋಡಿದವರಿಗೆ ಆಮೆ ಕತ್ತು ಚಾಚಿದ ಹಾಗೆ ಕಾಣುತ್ತೆ, ಫೋಟೊದಲ್ಲಿ ಮಾತ್ರ ಕತ್ತು ನೀಟಾಗಿ ಬರುತ್ತೆ. ಬಿಸಿಲಿಗೆ ಕಪ್ಪಾಗೋ ಗ್ಲಾಸಾದರೆ ಕಾಲು ಗಂಟೆ ಮುಂಚೆ ಬಂದು ಒಳಗೆ ಕೂತಿರಿ, ತಿಳಿಯಾಗಲಿ.

ಬಂಗಿನ ಬಗ್ಗೆ ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮಪ್ಪ ಇದೇ ಸ್ಟುಡಿಯೊದಲ್ಲಿ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿಂದ ಟಚಪ್ ಮಾಡ್ತಿದ್ದರು. ನೆಗೆಟಿವ್ ಮೇಲೆ ಪೆನ್ಸಿಲಿನ ಕಪ್ಪು ಬಿದ್ದ ಜಾಗ ಪ್ರಿಂಟಲ್ಲಿ ತಿಳಿಯಾಗುತ್ತೆ, ಹಾಗೆ ಕಲೆ ಮಾಯ. ಅವರದ್ದು ಒಂದು ಲೆಕ್ಕ ಇತ್ತು: ಮುಂದಿನ ವಾರ ಇರದೇ ಇರೋದನ್ನ ತೆಗಿ, ಇರೋದನ್ನ ಮುಟ್ಟಬೇಡ. ಮೊಡವೆ ತೆಗೀಬಹುದು, ಮಚ್ಚೆ ತೆಗೀಬಾರದು. ನಾನೂ ಹಾಗೇ. ನಿಮ್ಮ ಬಂಗನ್ನು ಬೇಕಾದರೆ ಒಂದು ಚೂರು ತಿಳಿಮಾಡಿಸಿ, ಪೂರ್ತಿ ಅಳಿಸಿದರೆ ಕೆನ್ನೆ ಮೇಣದ ಬೊಂಬೆ ಥರ ಆಗುತ್ತೆ.

"ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಅಂತ ನನ್ನ ಹತ್ತಿರ ದಿನಕ್ಕೊಬ್ಬರಾದರೂ ಕೇಳ್ತಾರೆ. ನಾನು ಮಾಡಿಕೊಡಲ್ಲ. ಮುಖ ಬೆಳ್ಳಗಾಗಿ ಕತ್ತು, ಕೈ ಹಾಗೇ ಉಳಿಯುತ್ತೆ. ಕಪ್ಪು ಮೈಬಣ್ಣಕ್ಕೆ ಅದರದೇ ಒಂದು ಕಾಂತಿ ಇರುತ್ತೆ, ಕೆನ್ನೆ ಮೂಳೆ ಮೇಲೆ ಲೈಟು ಜಾರೋ ರೀತಿ, ಅದೂ ಹೋಗುತ್ತೆ. ಕಪ್ಪಗಿರೋರ ಫೋಟೊ ಮಂಕಾಗಿ ಬಂದಿದ್ದರೆ ತಪ್ಪು ಲೈಟು ಇಟ್ಟವನದ್ದು, ಮುಖದ್ದಲ್ಲ.

ಪ್ರತಿಕ್ರಿಯೆ (ಬೆಂಗಳೂರಿಂದ):
ಇಷ್ಟೆಲ್ಲ ಯಾಕೆ ಸರ್, ನಾಲ್ಕು ಸೆಲ್ಫಿ ಹಾಕಿದರೆ ಎಐ ಆ್ಯಪು ಕೋಟು ಹಾಕಿಸಿ ಫೋಟೊ ಕೊಡುತ್ತೆ.

ಉತ್ತರ:
ಕೊಡುತ್ತೆ. ನನ್ನದೂ ಮಾಡಿ ನೋಡಿದೆ. ಕೋಟು ಚೆನ್ನಾಗಿತ್ತು, ಹಲ್ಲು ನನ್ನದಾಗಿರಲಿಲ್ಲ.

ಪ್ರಶ್ನೆ (ಜರ್ಮನಿಯಲ್ಲಿರುವ ಕನ್ನಡಿಗ):
ರಜೆಗೆ ಊರಿಗೆ ಬರ್ತಿದ್ದೀನಿ. ಕೆಲಸದ ಅರ್ಜಿಗೆ ಒಂದು ಫೋಟೊ ಬೇಕು. ಅದನ್ನೇ ವೀಸಾಕ್ಕೂ ಬಳಸಬಹುದಾ?

ಉತ್ತರ:
ಬೇಡ, ಎರಡೂ ಬೇರೆ ಬೇರೆ ತೆಗೆಸಿ. ಯುರೋಪಿನ ಷೆಂಗೆನ್ ವೀಸಾಕ್ಕೆ 35×45 ಮಿ.ಮೀ., ಬಾಯಿ ಮುಚ್ಚಿರಬೇಕು, ನಗು ಬೇಡ. ಅಮೆರಿಕದ ವೀಸಾಕ್ಕೆ 2×2 ಇಂಚು, ಬಿಳಿ ಹಿನ್ನೆಲೆ. 2016ರ ನವೆಂಬರಿನಿಂದ ಅದರಲ್ಲಿ ಕನ್ನಡಕವೂ ಇರಬಾರದು. ಇವಕ್ಕೆಲ್ಲ ಬಿಳಿ ಷರ್ಟು ಹಾಕ್ಕೊಂಡು ಬರಬೇಡಿ, ಹಿನ್ನೆಲೆಯಲ್ಲಿ ಸೇರಿಹೋಗಿ ತಲೆಯೊಂದೇ ತೇಲುತ್ತೆ. ಕೆಲಸದ ಅರ್ಜಿ ವಿಚಾರ ನಿಮಗೇ ಗೊತ್ತಿರಬೇಕು, ಅಲ್ಲಿ 2006ರ ಸಮಾನತೆ ಕಾನೂನಿನ ಮೇಲೆ ಫೋಟೊ ಕಡ್ಡಾಯ ಮಾಡೋ ಹಾಗಿಲ್ಲ, ಆದರೂ ಹಚ್ಚೋ ವಾಡಿಕೆ ಉಳಿದಿದೆ. ಅದಕ್ಕಾದರೆ ಭುಜ ಸ್ವಲ್ಪ ಓರೆ, ಕಣ್ಣಲ್ಲಿ ಸಣ್ಣ ನಗು.

ಪ್ರಶ್ನೆ (ತಿಪಟೂರಿಂದ):
ಅಣ್ಣಾ, ಮುಂದಿನ ತಿಂಗಳು ಅಪ್ಪಂದು ಷಷ್ಟ್ಯಬ್ದಿ. ಅಪ್ಪ ಅಮ್ಮನ ಜೋಡಿ ಫೋಟೊ ದೊಡ್ಡದಾಗಿ ಹಾಕಿಸಬೇಕು ಅಂತ ಆಸೆ. ಆದರೆ ಕ್ಯಾಮೆರಾ ನೋಡಿದರೆ ಅಪ್ಪ ಕಲ್ಲಾಗಿಬಿಡ್ತಾರೆ. ಏನ್ಮಾಡೋದು?

ಉತ್ತರ:
ತಮ್ಮಾ, ಸಮಾರಂಭದ ದಿನ ತೆಗೆಸಬೇಡ. ಹೋಮದ ಹೊಗೆಗೆ ಕಣ್ಣು ಕೆಂಪಾಗಿರುತ್ತೆ, ಇಬ್ಬರೂ ಸುಸ್ತಾಗಿರ್ತಾರೆ. ಒಂದು ವಾರ ಮುಂಚೆ, ಬೆಳಿಗ್ಗೆ ಕಾಫಿ ತಿಂಡಿ ಆದಮೇಲೆ ಕರ್ಕೊಂಡು ಹೋಗು.

ಕಲ್ಲಾಗೋದು ಆ ತಲೆಮಾರಿಗೆ ಬಂದ ಬಳುವಳಿ. ಫೋಟೊ ಶುರುವಾದ ಕಾಲದಲ್ಲಿ ಒಂದು ಚಿತ್ರಕ್ಕೆ ಎಷ್ಟೋ ಹೊತ್ತು ಅಲ್ಲಾಡದೆ ಕೂರಬೇಕಿತ್ತು, ತಲೆ ಕದಲದ ಹಾಗೆ ಹಿಂದಿನಿಂದ ಕಬ್ಬಿಣದ ಹಿಡಿ ಕೊಡ್ತಿದ್ದರು. ಆಮೇಲೆ ಕ್ಯಾಮೆರಾ ಚುರುಕಾಯಿತು, ಆದರೆ ಫೋಟೊ ಅಂದರೆ ಉಸಿರು ಬಿಗಿಹಿಡಿದು ಕೂರೋದು ಅನ್ನೋದು ಹಾಗೇ ಉಳಿಯಿತು. ಅಪ್ಪಂಗೆ "ನಗಿ, ನಗಿ" ಅನ್ನಬೇಡ. ಕಣ್ಣು ಮುಚ್ಚಿ, ಉಸಿರು ಬಿಟ್ಟು, ಮೂರು ಎಣಿಸಿದಾಗ ಕಣ್ಣು ಬಿಡೋಕೆ ಹೇಳು. ಇಲ್ಲವಾದರೆ ಫೋಟೊಗ್ರಾಫರ್ ಪಕ್ಕ ನಿಂತು ಈ ಸಲ ಕೊಬ್ಬರಿ ರೇಟು ಎಷ್ಟು ಅಂತ ಕೇಳು. ತಿಪಟೂರಿನವರು ಅದಕ್ಕೆ ಕಲ್ಲಾಗಿ ಕೂರೋಕೆ ಸಾಧ್ಯವೇ ಇಲ್ಲ. ಮೊಮ್ಮಕ್ಕಳಿದ್ದರೆ ಕ್ಯಾಮೆರಾ ಹಿಂದೆ ನಿಲ್ಲಿಸು.

ಪಂಚೆ ಶಲ್ಯ ಬಿಳಿ ಇದ್ದರೆ ಹಿನ್ನೆಲೆ ಗಾಢವಾಗಿರಲಿ. ವಿಭೂತಿ ಹಚ್ಚೋರಾದರೆ ಅಲ್ಲೇ ಹಚ್ಚಿಕೊಳ್ಳಲಿ, ಒಣಗಿದ್ದು ಉದುರಿ ಕನ್ನಡಕದ ಮೇಲೆ ಕೂರುತ್ತೆ.

ಇನ್ನೊಂದು ಮಾತು, ಅವರ ಎದುರು ಹೇಳೋದಲ್ಲ. ಜೋಡಿ ಫೋಟೊ ಆದಮೇಲೆ ಒಬ್ಬೊಬ್ಬರದ್ದೂ ಬೇರೆ ಬೇರೆ ತೆಗೆಸಿಟ್ಟುಕೊ. ಯಾವುದೋ ಮದುವೆಯ ಗುಂಪು ಫೋಟೊ ಹಿಡ್ಕೊಂಡು, ಕಣ್ಣು ಒರೆಸಿಕೊಳ್ತಾ, "ಇದರಲ್ಲಿ ಅಪ್ಪನ್ನ ಮಾತ್ರ ದೊಡ್ಡದು ಮಾಡಿಕೊಡಿ, ನಾಳೆಗೇ ಬೇಕು" ಅಂತ ಬರೋರು ನಮಗೆ ಹೊಸಬರಲ್ಲ. ಹೆಗಲ ಮೇಲೆ ಬೇರೆ ಯಾರದೋ ಕೈ ಇರುತ್ತೆ, ಅದನ್ನ ಅಳಿಸ್ತಾ ಕೂರ್ತೀವಿ. ವಾಟ್ಸಾಪಲ್ಲಿ ಬಂದ ಫೋಟೊ ಆದರೆ ದೊಡ್ಡದು ಮಾಡಿದಷ್ಟೂ ಮಸುಕು. 12×18 ಇಂಚಿಗೆ ಚೊಕ್ಕವಾಗಿ ಬರಬೇಕಾದರೆ 3600×5400 ಪಿಕ್ಸೆಲ್ ಇದ್ದರೆ ಒಳ್ಳೇದು. ಅದಕ್ಕೇ ಪ್ರಿಂಟ್ ಮಾತ್ರ ತಗೊಂಡು ಬರಬೇಡ, ಪೂರ್ತಿ ಅಳತೆಯ ಫೈಲೂ ಕೇಳಿ ಇಸ್ಕೊ.

ಹಾಸನದ ಉಪನ್ಯಾಸಕಿ (ಭಾನುವಾರ):
ಸರ್, ಹೋಗಿ ಬಂದೆ. ಕಡುನೀಲಿ ಸೀರೆ. ಕತ್ತು ಆಮೆ ಥರ ಚಾಚು ಅಂದಾಗ ನಗು ತಡೆಯೋಕೆ ಆಗ್ಲಿಲ್ಲ. ನಾನು ಒಂದು ಆರಿಸಿದೆ, ನೆಟ್ಟಗೆ ಕೂತಿರೋದು. ಮಗಳು "ಅಮ್ಮಾ, ಇದು ನೀನಲ್ಲ, ಇದು ನೀನು" ಅಂತ ಬೇರೆಯದನ್ನ ತೋರಿಸಿದಳು. ಅದರಲ್ಲಿ ಸೆರಗು ಸರಿಮಾಡ್ಕೊಳ್ತಾ ಫೋಟೊಗ್ರಾಫರ್‌ಗೆ ಏನೋ ಹೇಳ್ತಿದ್ದೀನಿ. ಬಂಗು ಕಾಣುತ್ತೆ. ಯಾವುದು ಕೊಡಲಿ?

ಉತ್ತರ:
ಮಗಳು ತೋರಿಸಿದ್ದು. ಸೆರಗಿನ ಪಿನ್ನು ಕಾಣ್ತಿದ್ದರೆ ಅದೊಂದನ್ನ ಅಳಿಸೋಕೆ ಹೇಳಿ. ಮತ್ತೆ ಕಾಲೇಜಿಗೆ ಕಳಿಸೋವಾಗ ವಾಟ್ಸಾಪಲ್ಲಿ ಫೋಟೊ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ.