ಡೀಸೆಲ್ ಕಾರಿನ ಕೂಲೆಂಟ್ ಮನೆಯಲ್ಲೇ ಬದಲಿಸಿದವರು ಇದ್ದೀರಾ?

ಮಡಿಕೇರಿಯಿಂದ, ಕೇಳಿದವರು:

ನನ್ನದು 2013ರ ಡೀಸೆಲ್ ಕಾರು, 1.4 ಲಕ್ಷ ಕಿ.ಮೀ. ಓಡಿದೆ. ಸುಳ್ಯದಿಂದ ವಾಪಸ್ ಬರುವಾಗ ಕೊಯನಾಡು ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಮೇಲೇರಲು ಶುರು. ಮದೆನಾಡು ಬರುವಷ್ಟರಲ್ಲಿ ಎಸಿ ಆಫ್ ಮಾಡಲೇಬೇಕು. ರಿಸರ್ವ್ ಬಾಟಲ್‌ನಲ್ಲಿ ಇರುವುದು ಹಾಲು ಹಾಕದ ಕಾಫಿ ಬಣ್ಣದ ನೀರು. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಬದಲು ಎರಡು ವರ್ಷದಿಂದ ನಲ್ಲಿ ನೀರೇ ಹಾಕುತ್ತಾ ಬಂದೆ, ತಪ್ಪು ನನ್ನದೇ. ಪೂರ್ತಿ ತೆಗೆದು, ತೊಳೆದು, ಹೊಸದು ತುಂಬಿಸುವುದು ಮನೆಯಲ್ಲಿ ಆಗುವ ಕೆಲಸವಾ? ಕಾಚಂಪುಳಿ (ನಮ್ಮ ಕೊಡಗಿನ ಅಡುಗೆಯ ಕಪ್ಪು ಹುಳಿ) ಹಾಕಿ ತೊಳೆದರೆ ತುಕ್ಕು ಹೋಗುತ್ತದೆ ಅಂತ ಒಬ್ಬರು ಹೇಳಿದರು, ನಿಜವಾ?

ಗೋಣಿಕೊಪ್ಪಲಿನಿಂದ:

ಕಾಚಂಪುಳಿ ಪಂದಿ ಕರಿಗೇ ಇರಲಿ ಅಣ್ಣ. ಈಗಿನ ರೇಡಿಯೇಟರ್ ಅಲ್ಯೂಮಿನಿಯಂ, ಹುಳಿ ಅದನ್ನು ತಿನ್ನುತ್ತದೆ.

ಮನೆಯಲ್ಲಿ ಮಾಡಬಹುದು. ನಾನು ಎರಡು ಸಲ ಮಾಡಿದ್ದೇನೆ, ಮೊದಲ ಸಲ ಕೆಡಿಸಿಕೊಂಡೆ. ಗಾಡಿ ರಾತ್ರಿಯೆಲ್ಲ ಆರಲಿ, ಬೆಳಿಗ್ಗೆ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿ ಇರುವಾಗ ತಿರುಗಿಸಿದ ಗುರುತು ನನ್ನ ಬಲಗೈ ಮೇಲೆ ಇನ್ನೂ ಇದೆ. ಕೆಳಗೆ ಹಳೇ ಬೇಸಿನ್ ಇಟ್ಟು ರೇಡಿಯೇಟರ್‌ನ ಡ್ರೇನ್ ನಟ್ ಸಡಿಲಿಸಿ. ಹತ್ತು ವರ್ಷದ ಪ್ಲಾಸ್ಟಿಕ್ ಅದು, ಜಾಸ್ತಿ ಬಲ ಹಾಕಿದರೆ ಮುರಿಯುತ್ತದೆ. ಅಲುಗದಿದ್ದರೆ ಕೆಳಗಿನ ಹೋಸ್ ಬಿಚ್ಚಿ. ಬಂದದ್ದನ್ನು ಲೀಟರ್ ಬಾಟಲಿಯಲ್ಲಿ ಅಳೆದು ಬರೆದಿಟ್ಟುಕೊಳ್ಳಿ.

ಆಮೇಲೆ ನೀರು ತುಂಬಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಿ. ಡೀಸೆಲ್ ಎಂಜಿನ್ ನಿಂತಲ್ಲೇ ಬೇಗ ಬಿಸಿಯಾಗುವುದಿಲ್ಲ, ಡಿಸೆಂಬರ್ ಬೆಳಿಗ್ಗೆಯಂತೂ ಕೇಳಲೇಬೇಡಿ. ಅರ್ಧ ಗಂಟೆ ಕಾದರೂ ನನ್ನ ಗಾಡಿಯ ಮೇಲಿನ ಹೋಸ್ ತಣ್ಣಗೇ ಇತ್ತು. ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್ ಕಡೆ ನೀರು ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ತೆರೆಯುವುದು 82ರಿಂದ 88 ಡಿಗ್ರಿ ಆಸುಪಾಸಿನಲ್ಲಿ. ಅದು ತೆರೆಯದಿದ್ದರೆ ನೀವು ತೊಳೆದದ್ದು ಬರೀ ರೇಡಿಯೇಟರ್. ಕೊನೆಗೆ ಪೊನ್ನಂಪೇಟೆಗೆ ಒಂದು ಸುತ್ತು ಹೋಗಿ ಬಂದೆ, ಆಗ ಹೋಸ್ ಬಿಸಿಯಾಯಿತು. ಮತ್ತೆ ಆರಿಸಿ, ತೆಗೆದು, ತುಂಬಿಸಿ. ನೀರು ತಿಳಿಯಾಗಲು ನನಗೆ ನಾಲ್ಕು ಸಲ ಬೇಕಾಯಿತು. ಕೊನೆಯ ಎರಡು ಸಲಕ್ಕೆ ಡಿಸ್ಟಿಲ್ಡ್ ವಾಟರ್ ಬಳಸಿ.

ನಾನು ಕೆಡಿಸಿಕೊಂಡಿದ್ದು ಇಲ್ಲಿ. ನನ್ನ ಗಾಡಿಗೆ ಒಟ್ಟು 7 ಲೀಟರ್ ಹಿಡಿಯುತ್ತದೆ. ಡ್ರೇನ್‌ನಿಂದ ಬಂದದ್ದು 4 ಮಾತ್ರ, ಉಳಿದ 3 ಎಂಜಿನ್ ಒಳಗೇ. ತೊಳೆದ ಮೇಲೆ ಆ 3 ಲೀಟರ್ ಬರೀ ನೀರು, ಅಲ್ವಾ? ಅದು ಹೊಳೆಯದೆ ಅರ್ಧಕ್ಕರ್ಧ ಬೆರೆಸಿ ಬರುವ ರೆಡಿ ಕೂಲೆಂಟ್ 4 ಲೀಟರ್ ಸುರಿದೆ. ಲೆಕ್ಕ ಹಾಕಿದರೆ ಒಳಗೆ ಅಸಲಿ ಕೂಲೆಂಟ್ 2 ಲೀಟರ್, ಶೇ 30 ಕೂಡ ಇಲ್ಲ. ಎರಡನೇ ಸಲ ನೀರು ಬೆರೆಸದ ಕಾನ್ಸಂಟ್ರೇಟ್ ತಂದು 3.5 ಲೀಟರ್ ಹಾಕಿದೆ, ಮೇಲೆ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್. ನಿಮ್ಮ ಗಾಡಿಗೆ ಎಷ್ಟು, ಯಾವ ಜಾತಿಯದು ಅನ್ನುವುದು ಮ್ಯಾನುಯಲ್‌ನಲ್ಲಿರುತ್ತದೆ. ಹಸಿರು, ಕೆಂಪು ಅಂತ ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣ ಕಂಪನಿಗೊಂದು ಇರುತ್ತದೆ.

ಒಳಗೆ ಗಾಳಿ ಸಿಕ್ಕಿಕೊಳ್ಳುವ ಏರ್ ಲಾಕ್‌ಗೆ ನಮ್ಮ ಊರಿನ ಅಂಗಳಗಳೇ ಔಷಧಿ. ಮೂತಿ ಏರಿನ ಕಡೆ ಇರುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಟೈರಿಗೆ ಕಲ್ಲು ಕೊಟ್ಟು ನಿಧಾನ ಸುರಿಯಿರಿ. ಮೇಲಿನ ಹೋಸ್ ಹಿಸುಕುತ್ತಾ ಇದ್ದರೆ ಗುಳುಗುಳು ಅಂತ ಗಾಳಿ ಬರುತ್ತದೆ. ಎಂಜಿನ್ ಬಿಸಿಯಾದ ಮೇಲೂ ಹೀಟರ್ ತಣ್ಣನೆ ಗಾಳಿ ಬಿಟ್ಟರೆ ಒಳಗೆ ಗಾಳಿ ಇನ್ನೂ ಇದೆ ಅಂತಲೇ.

ಸೋಮವಾರಪೇಟೆಯಿಂದ:

ತೊಳೆಯುವ ಮೊದಲು ಮುಚ್ಚಳ ನೋಡಿ ಸರ್. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಒಳಗಿನ ಒತ್ತಡ ಹಿಡಿದರೆ 115 ದಾಟಿದರೂ ಕುದಿಯುವುದಿಲ್ಲ. ರಬ್ಬರ್ ಸೀಳಿದ್ದರೆ ಎಷ್ಟು ದುಬಾರಿ ಕೂಲೆಂಟ್ ಹಾಕಿದರೂ ಕಷ್ಟವೇ. ಮುಚ್ಚಳದ ಮೇಲೆ ಒತ್ತಡದ ಅಂಕೆ 0.9 ಅಥವಾ 1.1 ಅಂತ ಬರೆದಿರುತ್ತದೆ, ಅದೇ ಅಂಕೆಯದು ತನ್ನಿ.

ರೇಡಿಯೇಟರ್ ಮುಂಭಾಗಕ್ಕೆ ಟಾರ್ಚ್ ಹಿಡಿದೂ ನೋಡಿ. ನಮ್ಮ ತೋಟದ ಜೀಪಿನದ್ದು ಕೆಸರು, ಹುಳ, ಸಿಲ್ವರ್ ಓಕ್ ಎಲೆ ಎಲ್ಲ ಸೇರಿ ಗೋಡೆ ಕಟ್ಟಿತ್ತು. ಎಂಜಿನ್ ಕಡೆಯಿಂದ ಹೊರಗೆ ನೀರು ಬಿಡಿ, ಪ್ರೆಷರ್ ಕಮ್ಮಿ ಇರಲಿ. ಜೋರಾದರೆ ಫಿನ್ (ರೇಡಿಯೇಟರಿನ ತೆಳು ತಗಡಿನ ಪಟ್ಟಿ) ಮಡಚಿ ಹೋಗುತ್ತವೆ.

ಎಲ್ಲ ಮಾಡಿದ ಮೇಲೂ ಗುಳ್ಳೆ ನಿಲ್ಲದೆ, ಸೋರಿಕೆ ಕಾಣದೆ ಕೂಲೆಂಟ್ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿರುವ ಅನುಮಾನ. ಆಗ ಸುಮ್ನೆ ಮೆಕ್ಯಾನಿಕ್ ಹತ್ತಿರ ಹೋಗಿ.

ವಿರಾಜಪೇಟೆಯಿಂದ:

ಬೇಸಿನ್ ಅಂಗಳದಲ್ಲಿ ಬಿಟ್ಟು ಒಳಗೆ ಹೋಗಬೇಡಿ ಅಣ್ಣ. ಕೂಲೆಂಟ್ ಸಿಹಿ, ನಾಯಿ ನೆಕ್ಕುತ್ತದೆ, ಕಿಡ್ನಿ ಹೋಗುತ್ತದೆ. ನಮ್ಮನೆ ನಾಯಿ ಮೂತಿ ಹಾಕುವಷ್ಟರಲ್ಲಿ ನೋಡಿದೆ, ಪುಣ್ಯ. ತೋಡಿಗೂ ಚೆಲ್ಲಬೇಡಿ. ಕ್ಯಾನಿಗೆ ತುಂಬಿಸಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಕೇಳಿ ಕೊಡಿ.

ಮಡಿಕೇರಿಯಿಂದ, ಹತ್ತು ದಿನದ ಮೇಲೆ:

ಮುಚ್ಚಳದ ರಬ್ಬರ್ ಬಿಸ್ಕತ್ತಿನ ಹಾಗೆ ಮುರಿಯಿತು! ಹೊಸದು ಹಾಕಿದೆ. ಐದು ಸಲ ತೊಳೆದೆ. ಡ್ರೇನ್ ನಟ್ ಅಲುಗಲೇ ಇಲ್ಲ, ಹೋಸ್ ಬಿಚ್ಚಿದೆ, ಅರ್ಧ ನೀರು ನನ್ನ ತೋಳಿನೊಳಗೆ ಹೋಯಿತು. ನಿನ್ನೆ ಸುಳ್ಯಕ್ಕೆ ಹೋಗಿ ಬಂದೆ. ಎಸಿ ಹಾಕಿಕೊಂಡೇ ಜೋಡುಪಾಲ ಹತ್ತಿದೆ, ಮುಳ್ಳು ಅರ್ಧ ಬಿಟ್ಟು ಕದಲಲಿಲ್ಲ. ಇವತ್ತು ಬೆಳಿಗ್ಗೆ ಬಾಟಲ್ ಅರ್ಧ ಇಂಚು ಇಳಿದಿತ್ತು, ತುಂಬಿಸಿದ್ದೇನೆ.

ಇನ್ನೊಂದು, ಹೀಟರ್ ಈಗ ಬಿಸಿ ಗಾಳಿ ಬಿಡುತ್ತಿದೆ. ಅದು ಕೆಟ್ಟೇ ಹೋಗಿದೆ ಅಂದುಕೊಂಡು ಎರಡು ಚಳಿಗಾಲ ಅತ್ತೆಗೆ ಕಂಬಳಿ ಹೊದಿಸಿ ಕೂರಿಸಿಕೊಂಡು ಹೋಗಿದ್ದೆ. ಅವರಿಗೆ ಇನ್ನೂ ಹೇಳಿಲ್ಲ.