ಘಟ್ಟ ಇಳಿಯುವಾಗ ಆಟೋಮ್ಯಾಟಿಕ್ ಕಾರು ಎಂಜಿನ್ನಿನ ಹಿಡಿತ ಕೊಡುವುದಿಲ್ಲವೇಕೆ?

ಪ್ರಶ್ನೆ: ತೋಟದ ದಾರಿ, ಶಿರಸಿ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯ ಸಮೀಪದ ಹಳ್ಳಿಯೊಂದರ ಅಡಿಕೆ ಬೆಳೆಗಾರ. 22 ವರ್ಷ ಗೇರು ಹಾಕುವ ಕಾರುಗಳನ್ನೇ ಓಡಿಸಿದ ನಾನು, ಎಡಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಲಚ್ ತುಳಿಯುವುದು ಬೇಡವೆಂದು ಮನೆಯವರೆಲ್ಲ ಹಟ ಹಿಡಿದದ್ದರಿಂದ, ಒಬ್ಬರು ನಾಲ್ಕು ವರ್ಷ ಬಳಸಿದ್ದ ಆಟೋಮ್ಯಾಟಿಕ್ ಕಾರೊಂದನ್ನು ಕಳೆದ ದೀಪಾವಳಿಗೆ ತಂದೆ. ಪೆಟ್ರೋಲ್ ಎಂಜಿನ್, ಟಾರ್ಕ್ ಕನ್ವರ್ಟರ್ ಬಗೆಯ ಗೇರ್‌ಬಾಕ್ಸ್, ಆರು ಗೇರು. ಪೇಟೆಯ ಗದ್ದಲದಲ್ಲಾಗಲಿ, ಹುಬ್ಬಳ್ಳಿಯ ರಸ್ತೆಯಲ್ಲಾಗಲಿ ಅದರ ಮೇಲೆ ನನ್ನ ದೂರೇನೂ ಇಲ್ಲ. ದೂರು ಇರುವುದೆಲ್ಲ ದೇವಿಮನೆ ಘಟ್ಟದಲ್ಲಿ.

ಹದಿನೈದು ದಿನಕ್ಕೊಮ್ಮೆ ಕುಮಟಾದಲ್ಲಿರುವ ಮಗಳ ಮನೆಗೆ ಹೋಗಿಬರುವುದು ನಮ್ಮ ರೂಢಿ. ಹಳೆಯ ಕಾರಿನಲ್ಲಿ ದೇವಿಮನೆಯ ಗುಡಿಯೆದುರು ಕೈಮುಗಿದು, ಗೇರನ್ನು ಎರಡಕ್ಕೆ ತಂದುಬಿಟ್ಟರೆ ಗಾಡಿ ಮೂಗುದಾರ ಹಿಡಿದ ಎತ್ತಿನಂತೆ ಇಳಿಯುತ್ತಿತ್ತು. ತಿರುವಿಗೆ ಮುನ್ನ ಬ್ರೇಕನ್ನು ತುಸು ಮುಟ್ಟಿದರೆ ಸಾಕಿತ್ತು. ಈ ಕಾರಾದರೋ, ಗೇರನ್ನು ತಾನೇ ಆರಿಸಿಕೊಳ್ಳುವ ‘ಡಿ’ಯಲ್ಲಿದ್ದಾಗ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ, ಇನ್ನು ತನಗೆ ಕೆಲಸವೇ ಇಲ್ಲವೆಂದು ತಿಳಿದು ಐದನೆಯದಕ್ಕೋ ಆರನೆಯದಕ್ಕೋ ಏರಿ ಕುಳಿತು, ಇಳಿಜಾರಿನಲ್ಲಿ ತನ್ನಷ್ಟಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಕೆಲವೊಮ್ಮೆ ಬ್ರೇಕ್ ಒತ್ತಿದಾಗ ತಾನೇ ಒಂದು ಗೇರು ಇಳಿದು ಗುಂಯ್‌ಗುಡುತ್ತದೆ, ಕೆಲವೊಮ್ಮೆ ಅದೇ ತಿರುವಿನಲ್ಲಿ ಸುಮ್ಮನಿರುತ್ತದೆ; ಯಾವಾಗ ಏನು ಮಾಡುತ್ತದೆಂದು ಇಂದಿಗೂ ನನಗೆ ತಿಳಿದಿಲ್ಲ. ಕಳೆದ ಸಲ ನೇರ ಇಳಿತವೊಂದರಲ್ಲಿ ವೇಗ 70 ದಾಟಿದ್ದನ್ನು ಕಂಡು, ಗೇರನ್ನು ನಾವೇ ಆರಿಸಬಹುದಾದ ‘ಎಂ’ಗೆ ಲಿವರನ್ನು ಎಳೆದು ಮೈನಸ್ ಕಡೆಗೆ ಮೂರು ಬಾರಿ ತಟ್ಟಿದೆ. ಮೂರಕ್ಕೆ ಬಂದದ್ದು ಎರಡಕ್ಕೆ ಬರಲಿಲ್ಲ. ಮೀಟರಿನಲ್ಲಿ ಅಂಕಿ ಮಿನುಗಿ, ಬೀಪ್ ಎಂದು ಕೂಗಿ ಸುಮ್ಮನಾಯಿತು. ಉಳಿದ ದಾರಿಯನ್ನೆಲ್ಲ ಬ್ರೇಕಿನ ಮೇಲೆಯೇ ಇಳಿದೆ.

ಕತಗಾಲಿನಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ನನ್ನ ಹೆಂಡತಿ, “ಏನೋ ಸೀದ ವಾಸನೆ ಬರುತ್ತಿದೆಯಲ್ಲ” ಎಂದಳು. ಮುಂದಿನ ಚಕ್ರದ ಬಳಿ ಬಗ್ಗಿದರೆ ಕೆನ್ನೆಗೆ ಬಿಸಿ ತಾಗುತ್ತಿತ್ತು. ಆಗಷ್ಟೇ ಬಿದ್ದ ಮಳೆಯ ಹನಿಗಳು ಡಿಸ್ಕಿನ ಮೇಲೆ ಚುಂಯ್ ಎಂದು ಆರುತ್ತಿದ್ದವು. ಕೊಡಿಸಿದವರು “ಆಟೋಮ್ಯಾಟಿಕ್ ಎಂದ ಮೇಲೆ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ” ಎಂದಿದ್ದರು. ಅದು ನೋಡಿಕೊಂಡದ್ದು ಇಷ್ಟು. ದೋಷ ಗೇರ್‌ಬಾಕ್ಸಿನದೋ, ನನ್ನದೋ? ಇನ್ನೊಂದು ಅನುಮಾನವೂ ಇದೆ. ಕೆಳಗಿನ ಗೇರಿನಲ್ಲಿ ಎಂಜಿನ್ ಅಷ್ಟು ಕೂಗುವಾಗ ಪೆಟ್ರೋಲ್ ಸುರಿದುಹೋಗುವುದಿಲ್ಲವೇ? ನಮ್ಮ ತಂದೆಯವರು ಘಟ್ಟದಲ್ಲಿ ನ್ಯೂಟ್ರಲ್ ಮಾಡಿ ಇಳಿದು ಎಣ್ಣೆ ಉಳಿಸಿದೆನೆಂದು ಹೇಳಿಕೊಳ್ಳುತ್ತಿದ್ದರು.

ಉತ್ತರ 1: ಸ್ಟೇರಿಂಗ್ ಬಿಟ್ಟವನು, ಯಲ್ಲಾಪುರ

ತಾವು ತಪ್ಪು ತಿಳಿಯಬಾರದು, ದೋಷದಲ್ಲಿ ಹೆಚ್ಚಿನ ಪಾಲು ತಮ್ಮದೇ. ನಾನು ನಿವೃತ್ತನಾಗುವವರೆಗೆ ಅರಬೈಲ್ ಘಟ್ಟದಲ್ಲಿ ಬಸ್ಸು ಓಡಿಸಿದವನು. ಲಾರಿ ಮತ್ತು ಟ್ಯಾಂಕರ್‌ಗಳ ನಡುವೆ ಅಂಕೋಲೆಯ ಕಡೆಗೆ ಇಳಿಯುವಾಗ ಹಿರಿಯ ಚಾಲಕರು ನಮಗೆ ಕಲಿಸಿದ್ದು ಒಂದೇ ಮಾತು: ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು, ಅದನ್ನು ಹಾಕುವುದು ಇಳಿತ ಆರಂಭವಾಗುವ ಮೊದಲು. ವೇಗ ಏರಿದ ಮೇಲೆ ಗೇರು ಇಳಿಸಲು ಹೋದರೆ ಬಸ್ಸಿನಲ್ಲಿ ಅದು ಬೀಳುವುದೇ ಇಲ್ಲ. ಹಳೆಯ ಗೇರು ಬಿಟ್ಟು, ಹೊಸದು ಬೀಳದೆ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡವರ ಗತಿ ಏನಾಗುತ್ತದೆಂದು ಘಟ್ಟದವರಿಗೆ ಹೇಳಬೇಕಾಗಿಲ್ಲ. ತಮ್ಮ ಕಾರು ಬೀಪ್ ಎಂದು ನಿರಾಕರಿಸಿತಲ್ಲ, ಅದು ಆ ಅನಾಹುತಕ್ಕಿಂತ ಎಷ್ಟೋ ಮೇಲು.

ಆದರೆ ಆ ಹಳೆಯ ಮಾತು ಆಟೋಮ್ಯಾಟಿಕ್‌ನಲ್ಲಿ ಹಾಗೆಯೇ ನಡೆಯುವುದಿಲ್ಲವೆಂಬುದು ಮಗನ ಕಾರು ಓಡಿಸಿದ ಮೇಲೆ ನನಗೂ ತಿಳಿಯಿತು. ಹತ್ತುವಾಗ ಯಾವ ಗೇರಿನಲ್ಲಿದ್ದೆವೆಂದು ಅದು ಕೈಗೆ ತಿಳಿಸುವುದೇ ಇಲ್ಲವಲ್ಲ! ಹಾಗಾಗಿ ಕುಮಟಾದಿಂದ ಹಿಂದಿರುಗುವಾಗ ಒಮ್ಮೆ ‘ಎಂ’ನಲ್ಲಿಯೇ ಹತ್ತಿ, ಯಾವ ತಿರುವಿಗೆ ಯಾವ ಅಂಕಿ ಸಾಕಾಯಿತೆಂದು ಗಮನಿಸಿ. ಮುಂದಿನ ಸಲ ಇಳಿಯುವಾಗ ಅದೇ ಅಂಕಿ. ಮತ್ತೊಂದು ಮಾತು, ಇಕ್ಕಟ್ಟಾದ ಕಡೆ ಹತ್ತುವ ಗಾಡಿಗೆ ದಾರಿ ಬಿಡಬೇಕಾದವರು ಇಳಿಯುವವರು. ನಿಲ್ಲಿಸಲು ಆಗುವ ವೇಗದಲ್ಲಿದ್ದರೆ ತಾನೇ ದಾರಿ ಬಿಡುವುದು?

ಉತ್ತರ 2: ವರ್ಕ್‌ಶಾಪ್ ಮೇಷ್ಟ್ರು, ಕಾರವಾರ

ಹಿರಿಯರ ಮಾತಿಗೆ ಕಾರಣವನ್ನಷ್ಟೇ ಸೇರಿಸುತ್ತೇನೆ. ಕಾಲು ತೆಗೆದಾಗ ಪೆಟ್ರೋಲ್ ಎಂಜಿನ್ನಿನ ಗಾಳಿದಾರಿಯಲ್ಲಿರುವ ಥ್ರಾಟಲ್ ಬಿಲ್ಲೆ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ; ಪಿಸ್ಟನ್ನುಗಳು ಆಗ ಬಹುತೇಕ ಮುಚ್ಚಿದ ಬಾಯಿಯಿಂದ ಗಾಳಿಯನ್ನು ಎಳೆಯಬೇಕಾಗುತ್ತದೆ. ಪಿಚಕಾರಿಯ ಮೂತಿಯನ್ನು ಬೆರಳಿನಿಂದ ಮುಚ್ಚಿ ಹಿಡಿಕೆಯನ್ನು ಎಳೆದು ನೋಡಿದರೆ ಆ ಬಿಗಿತ ಎಂಥದೆಂದು ಕೈಗೇ ತಿಳಿಯುತ್ತದೆ. ಈ ಬಿಗಿತ ನಿಮಿಷಕ್ಕೆ ಎಷ್ಟು ಬಾರಿ ಒದಗುತ್ತದೆ ಎಂಬುದು ಗೇರಿನ ಮೇಲೆ ನಿಂತಿದೆ, ಆದ್ದರಿಂದಲೇ ಆರನೇ ಗೇರಿನಲ್ಲಿ ಅದು ಹೆಸರಿಗಷ್ಟೇ ಇದ್ದು ಎರಡನೆಯದರಲ್ಲಿ ಗಟ್ಟಿಯಾಗಿರುತ್ತದೆ. ಡೀಸೆಲ್ ಎಂಜಿನ್ನು ಗಾಳಿಯನ್ನು ಈ ರೀತಿ ಕಟ್ಟಿ ನಡೆಯುವಂಥದಲ್ಲ. ಬಸ್ಸು ಲಾರಿಗಳಲ್ಲಿ ಹೊಗೆಯ ಕೊಳವೆಯನ್ನೇ ಅಡ್ಡಗಟ್ಟುವ ಎಕ್ಸಾಸ್ಟ್ ಬ್ರೇಕನ್ನು ಬೇರೆಯಾಗಿ ಇಟ್ಟಿರುವುದು ಅದಕ್ಕಾಗಿಯೇ.

ತಮ್ಮ ಕಾರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಇರುವುದು ಎಣ್ಣೆ ತುಂಬಿದ ಕನ್ವರ್ಟರ್. ಒಂದು ಮಟ್ಟದ ವೇಗವಿದ್ದಾಗ ಅದರೊಳಗಿನ ಲಾಕಪ್ ಕ್ಲಚ್ ಎರಡನ್ನೂ ನೇರವಾಗಿ ಕಚ್ಚಿಕೊಂಡಿರುತ್ತದೆ, ಹಿಡಿತವೂ ಚೆನ್ನಾಗಿರುತ್ತದೆ. ತಿರುವಿನಲ್ಲಿ ವೇಗ ತೀರ ಇಳಿದಾಗ ಅದು ಬಿಟ್ಟುಕೊಂಡು ಎಣ್ಣೆಯ ಮೂಲಕವಷ್ಟೇ ಸಂಬಂಧ ಉಳಿಯುವುದರಿಂದ, ಅಲ್ಲಿ ಗಾಡಿ ಸ್ವಲ್ಪ ಸಡಿಲವಾದಂತೆ ಅನಿಸುತ್ತದೆ. ಅದು ದೋಷವಲ್ಲ. ಕೆಲವೊಮ್ಮೆ ತಾನೇ ಗೇರು ಇಳಿಯುವುದೇಕೆಂದರೆ, ಆಕ್ಸಿಲರೇಟರ್ ಮುಟ್ಟದಿದ್ದರೂ ವೇಗ ಏರುತ್ತಿದೆ, ಜೊತೆಗೆ ಚಾಲಕ ಬ್ರೇಕ್ ಒತ್ತಿಹಿಡಿದಿದ್ದಾನೆ ಎಂಬ ಎರಡನ್ನೂ ಕೂಡಿಸಿ ಇದು ಇಳಿಜಾರೆಂದು ಗೇರ್‌ಬಾಕ್ಸಿನ ಕಂಪ್ಯೂಟರ್ ಊಹಿಸುತ್ತದೆ. ತಾವು ಬ್ರೇಕನ್ನು ಚುಟುಕಾಗಿ ಮುಟ್ಟಿಬಿಟ್ಟಾಗ, ಅಥವಾ ನಡುವೆ ಒಮ್ಮೆ ಆಕ್ಸಿಲರೇಟರ್ ತುಳಿದಾಗ ಆ ಊಹೆ ಮುರಿದುಬೀಳುತ್ತದೆ. ಅದು ದೇವಿಮನೆಯ ಮುಂದಿನ ತಿರುವನ್ನು ಕಾಣಲಾರದು, ತಾವು ಕಾಣಬಲ್ಲಿರಿ. ಇನ್ನು ಎರಡನೇ ಗೇರಿನಲ್ಲಿ 70ರ ವೇಗವೆಂದರೆ ಇಂಥ ಅನೇಕ ಕಾರುಗಳಲ್ಲಿ ಎಂಜಿನ್ ನಿಮಿಷಕ್ಕೆ 5000 ಸುತ್ತಿನ ಆಸುಪಾಸಿಗೆ ಹೋಗುತ್ತದೆ. ಬೀಪ್ ಬಂದದ್ದು ಅದಕ್ಕೆ.

ಪೆಟ್ರೋಲಿನ ಅನುಮಾನಕ್ಕೆ ಉತ್ತರ ಸರಳವಾಗಿದೆ. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಕಾಲು ತೆಗೆದು ಇಳಿಯುವಾಗ ಇಂಧನ ಪೂರ್ತಿ ನಿಂತುಹೋಗುತ್ತದೆ, ಸುತ್ತುಗಳು ಐಡ್ಲಿಂಗಿನ ಹತ್ತಿರಕ್ಕೆ ಬಂದಾಗ ಮಾತ್ರ ಮತ್ತೆ ಹರಿಯುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ತನ್ನನ್ನು ತಾನು ಜೀವಂತವಾಗಿಟ್ಟುಕೊಳ್ಳಲು ಪೆಟ್ರೋಲ್ ಕುಡಿಯಲೇಬೇಕು. ತಂದೆಯವರ ಲೆಕ್ಕ ಕಾರ್ಬ್ಯುರೇಟರಿನ ಕಾಲದ್ದು. ಸುರಕ್ಷತೆಯ ದೃಷ್ಟಿಯಿಂದ ಅದು ಆಗಲೂ ಸರಿಯಾಗಿರಲಿಲ್ಲ.

ಬ್ರೇಕಿನ ಮೇಲೆಯೇ ಇಳಿದರೆ ಏನಾಗುತ್ತದೆಂಬುದಕ್ಕೆ ಒಂದು ಲೆಕ್ಕ ನೋಡಿ. ಜನರೂ ಸೇರಿ ಕಾರಿನ ತೂಕ 1400 ಕಿಲೋ, ನೇರ ಎತ್ತರದಲ್ಲಿ 400 ಮೀಟರಿನ ಇಳಿತ ಎಂದು ಹಿಡಿದರೆ, ಕಳೆಯಬೇಕಾದ ಶಕ್ತಿ ಸುಮಾರು ಒಂದೂವರೆ ಯುನಿಟ್ ವಿದ್ಯುತ್ತಿಗೆ ಸಮ. ಅಷ್ಟು ಶಾಖದಲ್ಲಿ 18 ಲೀಟರ್ ತಣ್ಣೀರು ಕುದಿಯುತ್ತದೆ. ಗಾಳಿ ಮತ್ತು ಟೈರುಗಳು ಒಂದಿಷ್ಟನ್ನು ನುಂಗಿದರೂ, ಉಳಿದದ್ದನ್ನೆಲ್ಲ ನಾಲ್ಕು ಚಕ್ರಗಳ ಬ್ರೇಕುಗಳು, ಅದರಲ್ಲೂ ಹೆಚ್ಚಾಗಿ ಮುಂದಿನ ಎರಡು ಡಿಸ್ಕುಗಳು, ಕೆಲವೇ ನಿಮಿಷಗಳಲ್ಲಿ ಹೊರಬೇಕು. ಕತಗಾಲಿನಲ್ಲಿ ತಮಗೆ ಬಂದದ್ದು ಆ ವಾಸನೆ.

ಉತ್ತರ 3: ಅಣಶಿ ದಾಟಿದವ, ಕಾರವಾರ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನನ್ನದು ಸಿವಿಟಿ ಕಾರು. ಕದ್ರಾದಿಂದ ಅಣಶಿ ಘಟ್ಟ ಹತ್ತಿ ಜೋಯಿಡಾಕ್ಕೆ ಕೆಲಸದ ಮೇಲೆ ವಾರಕ್ಕೆರಡು ಸಲ ಹೋಗುತ್ತೇನೆ. ಸಿವಿಟಿಯಲ್ಲಿ ಮೆಟ್ಟಿಲಿನಂಥ ಗೇರುಗಳೇ ಇಲ್ಲ, ‘ಡಿ’ಯಲ್ಲಿ ಬಿಟ್ಟರೆ ಸುತ್ತುಗಳನ್ನು ಸಾಧ್ಯವಾದಷ್ಟು ಕೆಳಗಿಟ್ಟು ಜಾರುತ್ತದೆ, ಕೆಳಗಿನ ಗೇರಿನಂತೆ ಹಿಡಿಯುವ ‘ಎಲ್’ಗೆ ತಂದರೆ ಕಾರಿನೊಳಗೆ ಮಾತು ಕೇಳಿಸದಷ್ಟು ಕೂಗುತ್ತದೆ. ಆ ಕೂಗಿಗೆ ರೋಸಿಹೋಗಿ ನಾನು ಬಹುಪಾಲು ಬ್ರೇಕಿನಲ್ಲಿಯೇ ಇಳಿಯುತ್ತೇನೆ. ಬ್ರೇಕ್ ಪ್ಯಾಡಿಗೆ ಕೊಡುವ ಹಣ ಗೇರ್‌ಬಾಕ್ಸ್ ರಿಪೇರಿಯ ಮುಂದೆ ಏನೂ ಅಲ್ಲವೆಂಬುದು ನನ್ನ ವಾದ.

ಉತ್ತರ 4: ಗ್ರೀಸ್ ಕೈ, ಕುಮಟಾ

ಅಣಶಿ ದಾಟಿದವರ ವಾದ ನಮ್ಮ ಗ್ಯಾರೇಜಿಗೆ ಲಾಭದಾಯಕವಾದದ್ದು, ಆದರೂ ಒಪ್ಪಲಾರೆ. ಕಾದದ್ದು ಪ್ಯಾಡು ಮಾತ್ರವಾದರೆ ಬದಲಿಸಿದರಾಯಿತು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗಿನ ಬ್ರೇಕ್ ಆಯಿಲ್ ಕಾದು ಕುದಿದರೆ ಹಬೆಯ ಗುಳ್ಳೆಗಳಾಗಿ ಪೆಡಲು ಸ್ಪಂಜಿನಂತೆ ನೆಲಕ್ಕೆ ಹೋಗುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಈ ಆಯಿಲ್‌ನ ಗುಣವೇ ಗಾಳಿಯ ತೇವವನ್ನು ಹೀರುವುದು, ನಮ್ಮ ಕರಾವಳಿಯ ಮಳೆಗಾಲವನ್ನು ಕೇಳಬೇಕೇ? ಹಳೆಯ ಕಾರು ಕೊಂಡವರು ಟೈರು ನೋಡುತ್ತಾರೆ, ಎಸಿ ನೋಡುತ್ತಾರೆ, ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದೆಂದು ಕೇಳುವುದೇ ಇಲ್ಲ. ಪ್ರಶ್ನೆ ಕೇಳಿದವರು ದಯವಿಟ್ಟು ಸರ್ವಿಸ್ ಪುಸ್ತಕ ತೆರೆದು ನೋಡಿ. ಎರಡು ವರ್ಷ ಮೀರಿದ್ದರೆ ಬದಲಿಸಿ.

ಗೇರ್‌ಬಾಕ್ಸು ಹಾಳಾಗುತ್ತದೆಂಬ ಭಯ ಟಾರ್ಕ್ ಕನ್ವರ್ಟರಿಗೂ ಸಿವಿಟಿಗೂ ಬೇಡ. ತಮಗೆ ಹಾನಿಯಾಗುವ ಗೇರಿಗೆ ಅವು ಒಪ್ಪುವುದೇ ಇಲ್ಲ. ಎಎಂಟಿ, ಅಂದರೆ ಮಾಮೂಲಿ ಗೇರ್‌ಬಾಕ್ಸಿನ ಕ್ಲಚ್ಚು ಮತ್ತು ಗೇರನ್ನು ಯಂತ್ರವೇ ನಡೆಸುವ ಕಾರು ಇರುವವರು ಇನ್ನೊಂದನ್ನು ನೆನಪಿಡಬೇಕು. ‘ಎಂ’ನಲ್ಲಿ ಅದರ ಹಿಡಿತ ಮಾಮೂಲಿ ಕಾರಿನಷ್ಟೇ ಇರುತ್ತದೆ, ಆದರೆ ನಡಿಗೆಯ ವೇಗಕ್ಕೆ ಬಂದಾಗ ಕ್ಲಚ್ಚನ್ನು ತಾನೇ ಬಿಟ್ಟುಬಿಡುವುದರಿಂದ ಕಡಿದಾದ ತಿರುವಿನಲ್ಲಿ ಕಾಲು ಬ್ರೇಕಿನ ಮೇಲೆ ಸಿದ್ಧವಾಗಿರಲಿ. ಇಳಿಜಾರಿನಲ್ಲಿ ವೇಗವನ್ನು ತಾನೇ ತಡೆಹಿಡಿಯಲೆಂದು ಕೆಲವು ಕಾರುಗಳಲ್ಲಿರುವ ಹಿಲ್ ಡಿಸೆಂಟ್ ಗುಂಡಿಯನ್ನು ಒತ್ತಿ ನಿಶ್ಚಿಂತರಾಗುವವರಿದ್ದಾರೆ. ಅದು ಬಳಸುವುದು ಬ್ರೇಕುಗಳನ್ನೇ, ಆದ್ದರಿಂದ ಉದ್ದನೆಯ ಘಟ್ಟಕ್ಕೆ ಅದು ಉತ್ತರವಲ್ಲ. ಬ್ರೇಕ್ ಒತ್ತುವಾಗ ಸವರುತ್ತ ಹಿಡಿದಿರಬೇಡಿ, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ, ಡಿಸ್ಕಿಗೆ ಗಾಳಿ ತಾಗಲಿ. ಬರೀ ಎಂಜಿನ್ನಿನಿಂದ ವೇಗ ಇಳಿದಾಗ ಹಿಂದಿನ ಕೆಂಪು ದೀಪ ಹತ್ತುವುದಿಲ್ಲ, ಬೆನ್ನ ಹಿಂದೆ ಲಾರಿಯಿದ್ದರೆ ಪೆಡಲನ್ನು ಒಮ್ಮೆ ಮುಟ್ಟಿ ದೀಪ ತೋರಿಸಿ. ಮಳೆಯಲ್ಲಿ ಎಲೆ, ಕೆಮ್ಮಣ್ಣು ಬಿದ್ದ ತಿರುವಿನ ನಡುವೆ ಗೇರು ಇಳಿಸಿದರೆ ಮುಂದಿನ ಚಕ್ರ ಜಾರುವ ಸಂಭವವಿದೆ. ಅದನ್ನು ನೇರ ರಸ್ತೆಯಲ್ಲಿಯೇ ಮುಗಿಸಿಕೊಳ್ಳಿ.

ಮರು ಬರಹ: ತೋಟದ ದಾರಿ, ಶಿರಸಿ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮತ್ತೆ ಹೋಗಿಬಂದೆ. ದೇವಿಮನೆಯಲ್ಲಿ ನಿಂತಾಗಲೇ ಲಿವರನ್ನು ‘ಎಂ’ಗೆ ತಂದು, ಮೂರನೆಯದರಲ್ಲಿ ಹೊರಟು, ಮೊದಲ ದೊಡ್ಡ ತಿರುವಿಗೆ ಮುನ್ನ 35ರ ಹತ್ತಿರ ಎರಡಕ್ಕೆ ತಟ್ಟಿದಾಗ ಬೀಪ್ ಇಲ್ಲದೆ ಒಪ್ಪಿಕೊಂಡಿತು. ಮೀಟರಿನಲ್ಲಿ ಆಗಿನ ಮೈಲೇಜ್ ತೋರಿಸುವ ಗೆರೆ ಕೊನೆಯವರೆಗೆ ಹೋಗಿ ನಿಂತದ್ದನ್ನು ನೋಡಿ ಮೇಷ್ಟ್ರ ಮಾತು ನಂಬಿದೆ. ಕತಗಾಲಿನಲ್ಲಿ ಚಕ್ರದ ಬಳಿ ಬಗ್ಗಿದರೆ ಬಿಸಿ ಇತ್ತು, ವಾಸನೆ ಇರಲಿಲ್ಲ. ನನ್ನ ಹೆಂಡತಿಗೆ ಮಾತ್ರ ಎಂಜಿನ್ನಿನ ಕೂಗು ಸಮಾಧಾನ ಕೊಡಲಿಲ್ಲ. “ಗಾಡಿ ಏಕೆ ಹೀಗೆ ಅಳುತ್ತಿದೆ” ಎಂದು ಎರಡು ಸಲ ಕೇಳಿದಳು.

ನನ್ನ ದೂರು ಪೂರ್ತಿ ಹೋಗಿದೆಯೆಂದು ಹೇಳಲಾರೆ. ಒಂದು ತಿರುವಿನಲ್ಲಿ ತೀರ ನಿಧಾನವಾದಾಗ ನಾನು ಕೇಳದಿದ್ದರೂ ಅದು ಒಂದಕ್ಕೆ ಇಳಿದು ಜಗ್ಗಿತು, ‘ಎಂ’ ಎಂದು ಬರೆದ ಮೇಲೆ ನಾನು ಹೇಳಿದ್ದನ್ನಷ್ಟೇ ಮಾಡಬೇಕಲ್ಲವೇ ಎಂಬ ಸಿಟ್ಟು ಇನ್ನೂ ಇದೆ. ಸರ್ವಿಸ್ ಪುಸ್ತಕ ತೆರೆದು ನೋಡಿದೆ. ಬ್ರೇಕ್ ಆಯಿಲ್ ಎಂಬ ಸಾಲಿನೆದುರು ನಾಲ್ಕು ವರ್ಷವೂ ಖಾಲಿ ಚೌಕ. ಸೋಮವಾರ ಬದಲಿಸಲು ಕೊಡುತ್ತಿದ್ದೇನೆ.