ಅಪ್‌ಡೇಟ್: ಸ್ಲೊವೇನಿಯಾ ಸುತ್ತಿ ಚಿಕ್ಕಮಗಳೂರಿಗೆ ವಾಪಸ್

ಸ್ಲೊವೇನಿಯಾದಲ್ಲಿ ಬಾಡಿಗೆ ಕಾರು ತೆಗೆದುಕೊಂಡು ನಾನೇ ಓಡಿಸಬಹುದಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು. ಧೈರ್ಯ ಹೇಳಿದವರಿಗೆಲ್ಲ ಥ್ಯಾಂಕ್ಸ್.

ಇಲ್ಲಿನ ಆರ್‌ಟಿಒದಲ್ಲಿ ಮಾಡಿಸಿಕೊಂಡ ಇಂಟರ್‌ನ್ಯಾಷನಲ್ ಪರ್ಮಿಟ್ಟನ್ನು ಕಾರಿನವರು ಮೊದಲೇ ಕೇಳಿದರು. ರಸ್ತೆಯ ಬಲಕ್ಕೆ ಓಡಿಸುವುದು ಒಂದೇ ದಿನಕ್ಕೆ ರೂಢಿಯಾಯಿತು. ಇಂಡಿಕೇಟರ್ ಮಾತ್ರ ಆಗಲಿಲ್ಲ, ಅಲ್ಲಿನ ಕಾರಿನಲ್ಲಿ ಅದು ಎಡಗೈ ಕಡೆ, ವೈಪರ್ ಬಲಗೈ ಕಡೆ. ತಿರುವು ಬಂದಾಗಲೆಲ್ಲ ವೈಪರ್ ಹಾಕುತ್ತಿದ್ದೆ, ಅದೂ ಸುಡುಬಿಸಿಲಲ್ಲಿ! ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಅಲ್ಲಿನ ವರ್ಶಿಚ್ ಪಾಸ್ ಅನ್ನೋ ಘಾಟಿ ರಸ್ತೆಯಲ್ಲಿ 50 ಹೇರ್‌ಪಿನ್ ತಿರುವು, ಎತ್ತರ 1,611 ಮೀಟರ್. (ನಮ್ಮ ಮುಳ್ಳಯ್ಯನಗಿರಿ 1,930, ಸುಮ್ನೆ ಹೇಳಿದೆ.) ಚಾರ್ಮಾಡಿಯಲ್ಲಿ ಪಳಗಿದ ಕೈ, ತಿರುವಿಗೆ ಹೆದರಲಿಲ್ಲ. ಆದರೆ ಘಾಟಿಯ ಒಂದು ಬದಿಯ ಊರು ಕ್ರಾನ್ಸ್ಕಾ ಗೋರಾ ಕಡೆಯ ತಿರುವುಗಳಿಗೆ ಕಲ್ಲು ಹಾಸಿದ್ದಾರೆ. ಮಳೆ ಬಂದರೆ ಜಾಸ್ತಿ ಹುಷಾರು ಬೇಕು. ಮೊದಲ ಮಹಾಯುದ್ಧದಲ್ಲಿ ರಷ್ಯಾದ ಸೆರೆಯಾಳುಗಳಿಂದ ಮಾಡಿಸಿದ ರಸ್ತೆ ಅದು. ಹಿಮ ಕುಸಿದು ಸತ್ತವರ ನೆನಪಿಗೆ ದಾರಿಯಲ್ಲೇ ಮರದ ಪುಟ್ಟ ಚರ್ಚ್ ಇದೆ. ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.

ಕಾರಿಗೆ ಕಟ್ಟಿದ್ದ ಡೆಪಾಸಿಟ್ ಇನ್ನೂ ವಾಪಸ್ ಬಂದಿಲ್ಲ.